ಹಾಲಿನ ಲೋಟದಲ್ಲಿ ತಂದ ಹಲ್ಲು: ವಿರಾಜಪೇಟೆಯ ಈ ಡೆಂಟಲ್ ಕ್ಲಿನಿಕ್ ಬಗ್ಗೆ

ಈ ಕ್ಲಿನಿಕ್‌ಗೆ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೇನೆ. ಆದರೆ ಇಲ್ಲಿ ಹಲ್ಲು ತೋರಿಸಿಕೊಂಡವನು ನಾನಲ್ಲ. ನನ್ನ ಜೊತೆ ಒಂದೇ ಟೀಮಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಗೆಳೆಯ. ಅವನ ಮೇಲಿನ ಸಾಲಿನ ಮುಂದಿನ ಹಲ್ಲು ಬೇರು ಸಮೇತ ಹೊರಗೆ ಬಂದದ್ದು ನನ್ನ ಕೈಯಿಂದ. ಎದುರು ಟೀಮಿನವರು ಯಾರೂ ಅಲ್ಲ, ನಾನೇ, ಅವನದೇ ಬಣ್ಣದ ಜೆರ್ಸಿ ಹಾಕಿದ್ದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಈ ಕ್ಲಿನಿಕ್ ಬಗ್ಗೆ ಬರೆಯೋಕೆ ಆಗಲ್ಲ. ಆವತ್ತು ಡಾಕ್ಟರ್ ಹತ್ತಿರ ಮುಚ್ಚಿಡೋಕೆ ನೋಡಿದ್ದೆ. ಅದೂ ಆಗಲಿಲ್ಲ.

ಕ್ಲಿನಿಕ್ ಹುಡುಕೋದು ಕಷ್ಟ ಇಲ್ಲ. ಗಡಿಯಾರ ಕಂಬದಿಂದ ನಡೆದೇ ಹೋಗಬಹುದು, ಕೆಳಗೆ ಬೇಕರಿ, ಪಕ್ಕದಲ್ಲಿ ಮೆಟ್ಟಿಲು, ಮೊದಲ ಮಹಡಿ. ಮೆಟ್ಟಿಲು ಕಡಿದಾಗಿದೆ, ಮಳೆಗಾಲದಲ್ಲಿ ಜಾರುತ್ತದೆ, ವಯಸ್ಸಾದವರನ್ನು ಕೈ ಹಿಡಿದು ಹತ್ತಿಸಿ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಒಳಗೆ ಆರು ಕುರ್ಚಿ, ಒಂದು ಉದ್ದದ ಬೆಂಚು, ಗೋಡೆ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದ ಒಂದು ಹಾಳೆ: ಹಲ್ಲು ಬಿದ್ದರೆ ಏನು ಮಾಡಬೇಕು ಅಂತ. ಆ ಹಾಳೆಯಲ್ಲಿ ಇರೋದನ್ನು ನಾನು ಓದುವ ಮೊದಲೇ ಕಲಿತಿದ್ದೆ.

ಹೋದ ವರ್ಷ ಏಪ್ರಿಲ್, ಭಾನುವಾರ. ಅಮ್ಮತ್ತಿ ಕಡೆಯ ಒಂದು ಮೈದಾನದಲ್ಲಿ ಸೆವೆನ್ಸ್ ಪಂದ್ಯ, ಅಂದರೆ ಒಂದು ಟೀಮಿಗೆ ಏಳೇ ಜನ. ಅದಕ್ಕೆ ಎಂಟು ಹತ್ತು ದಿನ ಮೊದಲು ಹೂಮಳೆ ಬಿದ್ದು ಸುತ್ತ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗಿತ್ತು, ಆ ವಾಸನೆ ಈಗಲೂ ಬಂದರೆ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನಾವು 0-2ರಲ್ಲಿ ಹಿಂದೆ ಇದ್ದೆವು. ಮುಗಿಯೋಕೆ ಹತ್ತು ನಿಮಿಷ ಇರಬಹುದು. ಅವನು ಸ್ಟ್ರೈಕರ್, ನಾನು ಮಿಡ್‌ಫೀಲ್ಡ್. ನಾನು ಎಡಗಡೆ ಒಬ್ಬನೇ ಇದ್ದೆ, ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ಕೈ ಎತ್ತಿ ಕೂಗಿದೆ. ಅವನು ನೋಡಿದ, ಆದರೂ ಇಬ್ಬರ ಮಧ್ಯೆ ನುಗ್ಗೋಕೆ ಹೋಗಿ ಬಾಲ್ ಕಳೆದುಕೊಂಡ. ಆ ಆಟದಲ್ಲಿ ಅದು ಮೂರನೇ ಸಲ. ಹಿಂದೆ ಓಡಿ ಬರುವಾಗ ನಾನು ಏನೋ ಅಂದೆ, ಅವನು ತಿರುಗಿ ಅದಕ್ಕಿಂತ ಕೆಟ್ಟದ್ದು ಅಂದ. ನಾನು ದೂಡಿದೆ. ಅವನು ಕಾಲರ್ ಹಿಡಿದ. ಜೆರ್ಸಿ ಹರಿದ ಸದ್ದು ಕೇಳಿದ್ದು ನೆನಪಿದೆ. ಆಮೇಲೆ ನಾನು ಹೊಡೆದೆ.

ಒಂದೇ ಏಟು.

ಎಲ್ಲರೂ ಓಡಿ ಬಂದರು. ನನ್ನನ್ನು ಹಿಂದಿನಿಂದ ಅಪ್ಪಿ ಹಿಡಿದು ಎಳೆದದ್ದು ಎದುರು ಟೀಮಿನ ಹುಡುಗ. ಗೆಳೆಯ ಕೆಳಗೆ ಕೂತಿದ್ದ, ಬಾಯಿಗೆ ಎರಡೂ ಕೈ ಇಟ್ಟುಕೊಂಡು. ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು. ರೆಫರಿ ನಮ್ಮನ್ನು ಸ್ಕೂಲಿನಲ್ಲಿ ಆಡಿಸಿದ ಪಿಟಿ ಮೇಷ್ಟ್ರೇ. ಇಬ್ಬರಿಗೂ ರೆಡ್ ಕಾರ್ಡ್ ತೋರಿಸಿದರು. ಹೊರಗಿನಿಂದ ಯಾರೋ, ‘ಒಂದೇ ಟೀಮಲ್ವಾ ಸಾರ್, ಅವರವರೇ ಹೊಡೆದುಕೊಂಡ್ರೆ ನಿಮಗೆ ಎಂಥ?’ ಅಂತ ಕೂಗಿದರು. ಇದು ತುಂಬ ಜನಕ್ಕೆ ಗೊತ್ತಿಲ್ಲ. ಫುಟ್‌ಬಾಲಿನ 12ನೇ ನಿಯಮದಲ್ಲಿ ಎದುರಾಳಿಗೆ ಹೊಡೆದರೂ ಒಂದೇ, ತನ್ನ ಟೀಮಿನವನಿಗೆ ಹೊಡೆದರೂ ಒಂದೇ, ಎರಡಕ್ಕೂ ರೆಡ್. ಎದುರು ಟೀಮಿಗೆ ಡೈರೆಕ್ಟ್ ಫ್ರೀ ಕಿಕ್ ಬೇರೆ. ನಮ್ಮವರು ಐದೇ ಜನ ಉಳಿದು ಆಟ ಮುಗಿಸಿದರು ಅಂತ ಆಮೇಲೆ ಗೊತ್ತಾಯಿತು.

ಹಲ್ಲು ಹೋಗಿದೆ ಅಂತ ಗೊತ್ತಾದದ್ದು ಅವನು ಕೈ ತೆಗೆದಾಗ. ಇಡೀ ಮೈದಾನ ಬಗ್ಗಿ ಹುಲ್ಲಿನಲ್ಲಿ ಹುಡುಕಿತು. ಸಿಕ್ಕಿದ್ದು ಎದುರು ಟೀಮಿನ ಗೋಲ್‌ಕೀಪರ್‌ಗೆ. ನಾನು ಅಷ್ಟರಲ್ಲಿ ನಡುಗುತ್ತಾ ಹತ್ತಿರದ ಒಂದು ಕ್ಲಿನಿಕ್‌ಗೆ ಫೋನ್ ಮಾಡಿದ್ದೆ (ಅದರ ಹೆಸರು ಬೇಡ). ಭಾನುವಾರ ಇಲ್ಲ, ಬಿದ್ದ ಹಲ್ಲು ಮತ್ತೆ ಕೂರಲ್ಲ, ಬಿಸಾಡಿ, ನಾಳೆ ಬಂದರೆ ಬೇರೆ ಕಟ್ಟಿಸೋ ವಿಚಾರ ಮಾತಾಡೋಣ ಅಂದರು. ನಾನು ಅದನ್ನೇ ನಂಬಿ ಅಲ್ಲಿದ್ದವರಿಗೆ ಹೇಳಿದೆ. ಪಿಟಿ ಮೇಷ್ಟ್ರು ನನ್ನ ಮುಖವನ್ನೂ ನೋಡದೆ, ‘ಚಾಯ್ ಅಂಗಡಿಯಿಂದ ಹಾಲು ತಾ, ತಣ್ಣಗಿರೋದು’ ಅಂದರು. ಅಂಗಡಿ ಕಾಕಾ ಒಂದು ನಂದಿನಿ ಪ್ಯಾಕೆಟ್ ಹರಿದು ಸ್ಟೀಲ್ ಲೋಟಕ್ಕೆ ಸುರಿದು ಕೊಟ್ಟರು. ಮೇಷ್ಟ್ರು ಹಲ್ಲನ್ನು ಬಿಳಿ ಭಾಗದಲ್ಲಿ ಮಾತ್ರ ಹಿಡಿದುಕೊಂಡು, ಮಣ್ಣು ಹೋಗುವಷ್ಟು ಹಾಲು ಮೇಲಿಂದ ಹನಿಸಿ, ಉಜ್ಜದೆ, ಒರೆಸದೆ ಲೋಟದೊಳಗೆ ಬಿಟ್ಟರು. ಆಮೇಲೆ ಈ ಡಾಕ್ಟರ್ ಮೇಡಂಗೆ ಫೋನ್ ಮಾಡಿದರು. ಮೇಡಂ ಒಂದು ಸಲ ಸ್ಕೂಲಿಗೆ ಹಲ್ಲಿನ ಶಿಬಿರಕ್ಕೆ ಬಂದಿದ್ದಾಗ ಇದನ್ನೆಲ್ಲ ಹೇಳಿ ನಂಬರ್ ಕೊಟ್ಟು ಹೋಗಿದ್ದರಂತೆ. ನಿಮ್ಮ ಊರಿನ ಸ್ಕೂಲಿನಲ್ಲಿ ಇಂಥ ಶಿಬಿರ ಆದರೆ ದಯವಿಟ್ಟು ಮಕ್ಕಳನ್ನು ಕಳಿಸಿ, ಮೇಷ್ಟ್ರುಗಳೂ ಕೂತು ಕೇಳಲಿ.

ಜೀಪಿನಲ್ಲಿ ಅವನು ಮುಂದೆ, ಬಾಯಿಗೆ ಟವೆಲ್ ಒತ್ತಿಕೊಂಡು. ನಾನು ಹಿಂದೆ, ಲೋಟ ಹಿಡಿದುಕೊಂಡು. ನನ್ನನ್ನು ಯಾರೂ ಬಾ ಅನ್ನಲಿಲ್ಲ, ನಾನೇ ಹತ್ತಿದೆ. ರೋಡಿನಲ್ಲಿ ಹಳ್ಳ ಬಂದಾಗೆಲ್ಲ ಹಾಲು ತುಳುಕಿ ತೊಡೆ ಮೇಲೆ ಬೀಳುತ್ತಿತ್ತು. ಲೋಟದ ಬಾಯಿಗೆ ಅಂಗೈ ಮುಚ್ಚಿ ಹಿಡಿದಿದ್ದೆ. ಹಲ್ಲು ಹಾಲಿನಲ್ಲಿ ಮುಳುಗಿ ಕಾಣುತ್ತಿರಲಿಲ್ಲ, ಆದರೆ ಜೀಪ್ ತಿರುಗಿದಾಗ ಲೋಟದ ತಳಕ್ಕೆ ತಾಗಿ ಸಣ್ಣದಾಗಿ ಟಿಣ್ ಅಂತಿತ್ತು. ಅರ್ಧ ಗಂಟೆ ದಾರಿ. ಮೂವರಲ್ಲಿ ಒಬ್ಬರೂ ಮಾತಾಡಲಿಲ್ಲ.

ಮೇಡಂ ಬಾಗಿಲು ತೆಗೆದು ಕಾಯುತ್ತಿದ್ದರು. ಭಾನುವಾರ ಸಂಜೆ, ಮನೆಯಿಂದ ಎದ್ದು ಬಂದಿದ್ದರು, ರಿಸೆಪ್ಷನ್ ಅಕ್ಕನನ್ನೂ ಕರೆಸಿದ್ದರು. ಮೊದಲು ಕೇಳಿದ್ದು ದುಡ್ಡಲ್ಲ, ಹೆಸರೂ ಅಲ್ಲ. ‘ಎಷ್ಟು ಹೊತ್ತಾಯ್ತು? ಹಾಲಿಗೆ ಹಾಕೋ ಮೊದಲು ಎಷ್ಟು ಹೊತ್ತು ಒಣಗಿತ್ತು?’ ನಮ್ಮದು ಹೊರಗೆ ಹತ್ತು ನಿಮಿಷ, ಹಾಲಿನಲ್ಲಿ ಮೂವತ್ತೈದು. ಪರವಾಗಿಲ್ಲ ಅಂತ ತಲೆ ಆಡಿಸಿದರು. ಅವರು ಆಮೇಲೆ ಬಿಡಿಸಿ ಹೇಳಿದ್ದು ಹೀಗೆ. ಹಲ್ಲಿನ ಬೇರಿನ ಸುತ್ತ ಒಂದು ತೆಳು ಪೊರೆ ಇರುತ್ತದೆ, ಹಲ್ಲನ್ನು ಎಲುಬಿಗೆ ಹಿಡಿದಿಡೋದು ಅದೇ. ಅದು ಒಣಗಿದರೆ ಸಾಯುತ್ತದೆ. ಗಾಳಿಯಲ್ಲಿ ಒಂದು ಗಂಟೆ ಬಿಟ್ಟರೆ ಬಹುತೇಕ ಮುಗಿದ ಹಾಗೆ. ಹಾಲಿನಲ್ಲಿ ಸ್ವಲ್ಪ ಹೊತ್ತು ಬದುಕಿರುತ್ತದೆ, ನೀರಿನಲ್ಲಿ ಇಟ್ಟರೆ ಅಷ್ಟು ಒಳ್ಳೇದಲ್ಲ. ಬೇರನ್ನು ಮುಟ್ಟಿ ಉಜ್ಜಿದರೆ ಆ ಪೊರೆ ಅಲ್ಲೇ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೇದು ಅಂದರೆ ಬಿದ್ದ ಜಾಗದಲ್ಲೇ ಹಲ್ಲನ್ನು ಅದರ ಗುಳಿಗೆ ಕೂರಿಸಿ ಕರ್ಚೀಫ್ ಕಚ್ಚಿಸಿಕೊಂಡು ಬರೋದು. ಆದರೆ ಇದು ಶಾಶ್ವತ ಹಲ್ಲಿಗೆ ಮಾತ್ರ, ಚಿಕ್ಕ ಮಕ್ಕಳ ಹಾಲುಹಲ್ಲು ಬಿದ್ದರೆ ಮತ್ತೆ ಕೂರಿಸೋಕೆ ಹೋಗಬೇಡಿ, ಕೆಳಗೆ ಬರುತ್ತಿರೋ ಹೊಸ ಹಲ್ಲಿಗೆ ಪೆಟ್ಟಾಗಬಹುದು. ಅಪ್ಪ ಅಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಿ.

ಮೇಡಂ ಅವನನ್ನು ಒಳಗೆ ಕೂರಿಸಿಕೊಳ್ಳುವಾಗ ಅಕ್ಕ ನನ್ನ ಕೈಗೆ ಫಾರ್ಮ್ ಕೊಟ್ಟರು. ಅವನ ಹೆಸರು, ವಯಸ್ಸು, ಊರು ಬರೆದೆ. ಪೆನ್ ಹಿಡಿಯೋಕೆ ಬಲಗೈ ನೋಯುತ್ತಿತ್ತು. ಫೋನ್ ನಂಬರ್ ಅಂತ ಇತ್ತು. ಅವನ ನಂಬರ್ ನನಗೆ ಬಾಯಿಗೆ ಬರಲಿಲ್ಲ, ಗಡಿಬಿಡಿಯಲ್ಲಿ ನನ್ನದೇ ಬರೆದೆ. ‘ಜೊತೆಗೆ ಬಂದವರು’ ಅಂತ ಇತ್ತು, ನನ್ನ ಹೆಸರು ಬರೆದೆ. ಪಕ್ಕದಲ್ಲಿ ‘ಸಂಬಂಧ’ ಅಂತ ಇನ್ನೊಂದು ಖಾನೆ. ಅಲ್ಲಿ ಏನು ಬರೆಯಬೇಕು ಅಂತ ಗೊತ್ತಾಗದೆ ಹಾಗೇ ಬಿಟ್ಟು ವಾಪಸ್ ಕೊಟ್ಟೆ. ಅಕ್ಕ ನೋಡಿ, ತಾವೇ ‘ಫ್ರೆಂಡ್’ ಅಂತ ತುಂಬಿಸಿದರು.

ಏನಾಯ್ತು ಅಂತ ಮೇಡಂ ಕೇಳಿದಾಗ, ‘ಹೆಡ್ ಮಾಡೋವಾಗ ಇನ್ನೊಬ್ಬನ ತಲೆ ತಾಗಿತು’ ಅಂದೆ. ಅವನು ಕುರ್ಚಿಯಲ್ಲಿ ಮಲಗಿದ್ದವನು ನನ್ನ ಕಡೆ ತಿರುಗಿ ನೋಡಿದ. ಏನೂ ಅನ್ನಲಿಲ್ಲ.

ಮೇಡಂ ನನ್ನನ್ನು ಅಲ್ಲೇ ಬಾಗಿಲ ಹತ್ತಿರ ನಿಲ್ಲೋಕೆ ಬಿಟ್ಟಿದ್ದರು, ಹಾಗಾಗಿ ಎಲ್ಲ ನೋಡಿದೆ. ಸಲೈನ್‌ನಲ್ಲಿ ಹಲ್ಲು ತೊಳೆದರು. ಹೊರಗೆ ಬಂದ ಹಲ್ಲು ನಾವು ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ, ಕಾಣೋ ಭಾಗಕ್ಕಿಂತ ಬೇರಿನ ಭಾಗವೇ ಜಾಸ್ತಿ. ಒಸಡಿಗೆ ಇಂಜೆಕ್ಷನ್ ಕೊಟ್ಟು, ಗುಳಿಯಲ್ಲಿ ಗಟ್ಟಿಯಾಗಿದ್ದ ರಕ್ತ ತೊಳೆದು, ಎರಡು ಬೆರಳಲ್ಲಿ ಹಲ್ಲು ಹಿಡಿದು ನಿಧಾನಕ್ಕೆ ಒತ್ತಿದರು. ಒಂದು ಹಂತದಲ್ಲಿ ಅದು ತನ್ನಷ್ಟಕ್ಕೆ ಒಳಗೆ ಹೋಗಿ ಕೂತ ಹಾಗೆ ಕಾಣಿಸಿತು. ಎಕ್ಸ್‌ರೇ ತೆಗೆದು ಸರಿಯಾಗಿ ಕೂತಿದೆಯಾ ನೋಡಿ, ಮೀನಿನ ಗಾಳದ ದಾರದಷ್ಟು ತೆಳು ತಂತಿಯನ್ನು ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಅಂಟಿಸಿದರು. ಇನ್ನೂ ದಪ್ಪ ತಂತಿ ಹಾಕಿ ಗಟ್ಟಿ ಮಾಡಬಾರದಾ ಅಂತ ನಾನು ಬಾಯಿ ಹಾಕಿದೆ. ಬೇಡವಂತೆ. ಹಲ್ಲು ಒಂಚೂರು ಅಲುಗಾಡೋಕೆ ಜಾಗ ಇರಬೇಕು, ಅಲುಗಾಡದ ಹಾಗೆ ಬಿಗಿದರೆ ಎಲುಬು ಬೇರಿಗೇ ಅಂಟಿಕೊಂಡುಬಿಡುತ್ತದೆ.

ಎಲ್ಲ ಮುಗಿದ ಮೇಲೆ ಗ್ಲೌಸ್ ಬಿಚ್ಚುತ್ತಾ ನನ್ನ ಕಡೆ ತಿರುಗಿದರು.

‘ನಿಮ್ಮ ಬಲಗೈ ತೋರಿಸಿ.’

ತೋರಿಸಿದೆ. ನಡುಬೆರಳಿನ ಗೆಣ್ಣಿನ ಮೇಲೆ ಅಕ್ಕಿಕಾಳಷ್ಟು ಗಾಯ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೇಡಂ ಬೆರಳು ಮಡಚಿಸಿ, ಬಿಡಿಸಿ ನೋಡಿದರು. ‘ಇದು ತಲೆ ತಾಗಿ ಆದದ್ದಲ್ಲ’ ಅಂದರು. ಬೈಯಲಿಲ್ಲ. ಅವನನ್ನು ನೋಡಿದ ಹಾಗೇ ನನ್ನನ್ನೂ ನೋಡಿದರು. ಮುಷ್ಟಿ ಕಟ್ಟಿ ಹೊಡೆದಾಗ ಹಲ್ಲು ಗೆಣ್ಣಿನ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ, ಕೈ ಬಿಚ್ಚಿದ ಕೂಡಲೇ ಚರ್ಮ ಸರಿದು ಗಾಯ ಮುಚ್ಚಿದ ಹಾಗೆ ಆಗುತ್ತದೆ, ಬಾಯಿಯ ಕೀಟಾಣುಗಳು ಒಳಗೇ ಸಿಕ್ಕಿಹಾಕಿಕೊಳ್ಳುತ್ತವೆ, ಎರಡು ಮೂರು ದಿನ ಬಿಟ್ಟರೆ ಕೀವಾಗಿ ಬೆರಳ ಕೀಲೇ ಹಾಳಾಗಬಹುದು ಅಂತ ಹೇಳಿ, ಒಂದು ಚೀಟಿ ಬರೆದು ಈಗಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಂದರು. ಅಲ್ಲಿ ಕೈಯ ಎಕ್ಸ್‌ರೇ ತೆಗೆದು, ಗಾಯ ಬಿಡಿಸಿ ತೊಳೆದು, ಹೊಲಿಗೆ ಹಾಕದೆ ಬಿಟ್ಟು, ಟಿಟಿ ಇಂಜೆಕ್ಷನ್, ಮಾತ್ರೆ ಕೊಟ್ಟರು. ಯಾರಿಗಾದರೂ ಇಂಥ ಗಾಯ ಆಗಿದ್ದರೆ ನಾಚಿಕೆಗೆ ಮುಚ್ಚಿಡಬೇಡಿ. ನನ್ನ ಬೆರಳು ಈಗ ಪೂರ್ತಿ ಮಡಚುತ್ತದೆ. ಅದೂ ಈ ಕ್ಲಿನಿಕ್‌ನಿಂದಲೇ, ನನ್ನ ಹೆಸರಲ್ಲಿ ಅಲ್ಲಿ ಒಂದು ಫೈಲೂ ಇಲ್ಲ.

ನಾನು ಆಸ್ಪತ್ರೆಗೆ ಹೋಗಿದ್ದಾಗ ಮೇಡಂ ಅವನ ಹತ್ತಿರ ಒಬ್ಬನೇ ಇದ್ದಾಗ ಮಾತಾಡಿದ್ದರು. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಏನಾಯ್ತು ಅಂತ ನಿಜ ಹೇಳಿ, ಪೊಲೀಸರಿಗೆ ದೂರು ಕೊಡಬೇಕು ಅಂದರೆ ನಾನು ಬರೆದುಕೊಡುತ್ತೇನೆ, ಹೆದರಬೇಡಿ ಅಂದರಂತೆ. ಅವನು ಬೇಡ ಅಂದ. ನಮ್ಮ ಸಂಬಂಧಿ ಲಾಯರ್ ಒಬ್ಬರು ನನಗೆ ಆ ವಾರವೇ ಹೇಳಿದ್ದರು, ಹಲ್ಲು ಮುರಿದರೆ ಅಥವಾ ಜಾಗ ಬಿಟ್ಟು ಬಂದರೆ ಕಾನೂನಿನಲ್ಲಿ ಅದು ಸಣ್ಣ ಗಾಯ ಅಲ್ಲ, ‘ತೀವ್ರ ಗಾಯ’ ಅಂತ. ಹಿಂದೆ ಐಪಿಸಿ 320ರಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 116ರಲ್ಲಿ ಇದೆ, ಬೇಕೆಂದು ಮಾಡಿದರೆ ಏಳು ವರ್ಷದವರೆಗೆ ಶಿಕ್ಷೆ. ಮೈದಾನದಲ್ಲಿ ಆಯ್ತು, ಆಟದಲ್ಲಿ ಆಯ್ತು ಅನ್ನೋದು ಅಲ್ಲಿ ನಡೆಯಲ್ಲ. ನಾನು ಎಷ್ಟೋ ರಾತ್ರಿ ನಿದ್ದೆ ಇಲ್ಲದೆ ಕಳೆದೆ. ಅವನು ಒಂದು ಮಾತು ಹೇಳಿದ್ದರೆ ನನ್ನ ಕೆಲಸ, ಮನೆ ಎಲ್ಲ ಬೇರೆಯೇ ಆಗುತ್ತಿತ್ತು.

ಅವತ್ತು ರಾತ್ರಿಯೇ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಹಳೇ ವೀಡಿಯೊ ಹಾಕಿದರು. 2005ರ ಏಪ್ರಿಲ್ 2, ಇಂಗ್ಲೆಂಡಿನ ನ್ಯೂಕಾಸಲ್ ಟೀಮಿನ ಲೀ ಬೋಯರ್ ಮತ್ತು ಕೀರನ್ ಡೈಯರ್, ತಮ್ಮದೇ ಸೇಂಟ್ ಜೇಮ್ಸ್ ಪಾರ್ಕ್ ಮೈದಾನದಲ್ಲಿ, ತಮ್ಮದೇ ಜನರ ಎದುರು ಹೊಡೆದಾಡಿದ್ದು. ಆಸ್ಟನ್ ವಿಲ್ಲಾ ಎದುರು 0-3ರಲ್ಲಿ ಸೋಲುತ್ತಿದ್ದರು. ಜಗಳ ಅದೇ, ಪಾಸ್ ಕೊಡಲ್ಲ ಅನ್ನೋದು. ಬೋಯರ್ ಜೆರ್ಸಿ ಹರಿದು ಜೋತು ಬಿದ್ದಿತ್ತು, ಅವನನ್ನು ಹಿಡಿದು ಎಳೆದದ್ದು ಎದುರು ಟೀಮಿನ ಗ್ಯಾರೆತ್ ಬ್ಯಾರಿ. ಅದಕ್ಕೂ ಮೊದಲೇ ಒಬ್ಬ ರೆಡ್ ಕಾರ್ಡ್ ತಗೊಂಡು ಹೋಗಿದ್ದರಿಂದ ನ್ಯೂಕಾಸಲ್ ಎಂಟೇ ಜನ ಉಳಿದು ಆಟ ಮುಗಿಸಿತು. ಗ್ರೂಪಿನಲ್ಲಿ ಕೆಲವರು ಅದಕ್ಕೆ ನಗೋ ಗುರುತು ಹಾಕಿದ್ದರು. ನನಗೆ ನಗು ಬರಲಿಲ್ಲ. ಅಂದಿನಿಂದ ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಆದರೆ ನಾನು ಹುಡುಕಿದ್ದು ಹೊಡೆದಾಟವನ್ನಲ್ಲ. ಆಮೇಲೆ ಅವರಿಗೆ ಏನಾಯ್ತು ಅನ್ನೋದನ್ನು.

ಆ ಸಂಜೆಯೇ ಮ್ಯಾನೇಜರ್ ಗ್ರೇಮ್ ಸೂನೆಸ್ ಮಧ್ಯೆ ಕೂತು, ಆ ಕಡೆ ಒಬ್ಬ ಈ ಕಡೆ ಒಬ್ಬನನ್ನು ಕೂರಿಸಿಕೊಂಡು ಪತ್ರಕರ್ತರ ಎದುರು ಕ್ಷಮೆ ಕೇಳಿಸಿದರು. ಕ್ಲಬ್ ಬೋಯರ್‌ಗೆ ಆರು ವಾರದ ಸಂಬಳ ದಂಡ ಹಾಕಿತು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಲೆಕ್ಕದಲ್ಲಿ ಡೈಯರ್ ಮೂರು ಪಂದ್ಯ ಹೊರಗೆ, ಬೋಯರ್ ಏಳು, ಮೇಲೆ 30,000 ಪೌಂಡ್ ದಂಡ. ಪೊಲೀಸ್ ಕೇಸೂ ಆಯಿತು, 2006ರಲ್ಲಿ ಬೋಯರ್ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು 600 ಪೌಂಡ್ ದಂಡ, 1,000 ಪೌಂಡ್ ಖರ್ಚು ಕಟ್ಟಿದರು. ಟೀಮಿನ ಕಥೆ ಇನ್ನೂ ಬೇಜಾರು. ಜಗಳ ಆದಾಗ ಅವರು ಎರಡು ಕಪ್‌ಗಳಲ್ಲಿ ಉಳಿದಿದ್ದರು. ಏಪ್ರಿಲ್ 14ಕ್ಕೆ ಯುರೋಪಿನ ಯುಇಎಫ್‌ಎ ಕಪ್‌ನಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ಎದುರು 4-1ರಲ್ಲಿ ಸೋಲು, 17ಕ್ಕೆ ಇಂಗ್ಲೆಂಡಿನ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 4-1ರಲ್ಲಿ ಸೋಲು. ಎರಡು ವಾರದಲ್ಲಿ ಎರಡೂ ಹೋಯಿತು.

ನಮ್ಮಲ್ಲೂ ಕ್ಲಬ್ಬಿನ ಪ್ರೆಸಿಡೆಂಟ್ ಮೂರು ಕುರ್ಚಿ ಹಾಕಿಸಿ ತಾವು ಮಧ್ಯೆ ಕೂತರು. ನನ್ನನ್ನು ಆ ಸೀಸನ್ ಪೂರ್ತಿ ತೆಗೆದರು, ಅದು ಸರಿಯೇ. ನಾನು ಕ್ಷಮೆ ಕೇಳಿದೆ. ಅವನು ನೆಲ ನೋಡುತ್ತಾ ‘ಹೂಂ’ ಅಂದ. ಅಷ್ಟೇ. ಒಂದು ವಾರದಲ್ಲಿ ವಾಟ್ಸಾಪ್ ಗ್ರೂಪ್ ಎರಡಾಯಿತು. ಅವನ ಕಡೆಯವರು ಒಂದು, ನನ್ನ ಕಡೆಯವರು ಅಂತ ಅಂದುಕೊಂಡವರು ಇನ್ನೊಂದು. ಮುಂದಿನ ಟೂರ್ನಮೆಂಟಿಗೆ ನಮ್ಮ ಟೀಮೇ ಹೋಗಲಿಲ್ಲ. ಎಂಟನೇ ಕ್ಲಾಸಿನಿಂದ ಒಟ್ಟಿಗೆ ಆಡಿದ ಹುಡುಗರು ನಾವು.

ಮೂರು ಕುರ್ಚಿಯಿಂದ ಆಗದೇ ಇದ್ದದ್ದು ಈ ಕ್ಲಿನಿಕ್‌ನ ಬೆಂಚಿನಲ್ಲಿ ಆಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿರೋದು.

ಫಾರ್ಮಿನಲ್ಲಿ ನನ್ನ ನಂಬರ್ ಇತ್ತಲ್ಲ, ಅಪಾಯಿಂಟ್‌ಮೆಂಟ್ ನೆನಪಿಸೋ ಮೆಸೇಜ್ ನನಗೆ ಬರುತ್ತಿತ್ತು. ಕಿತ್ತು ಬಂದು ಕೂರಿಸಿದ ಹಲ್ಲಿನ ಚಿಕಿತ್ಸೆ ಒಂದು ದಿನದ್ದಲ್ಲ. ಎರಡು ವಾರ ತಂತಿ, ಅಷ್ಟರೊಳಗೆ ರೂಟ್ ಕೆನಾಲ್ ಶುರು ಮಾಡಬೇಕು, ಒಳಗೆ ಔಷಧಿ ತುಂಬಿಟ್ಟು ಆಮೇಲೆ ಪೂರ್ತಿ ಮುಚ್ಚಬೇಕು, ಮತ್ತೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಎಕ್ಸ್‌ರೇ ತೆಗೆದು ಬೇರು ಕರಗುತ್ತಿದೆಯಾ ನೋಡಬೇಕು, ಆಮೇಲೂ ವರ್ಷಕ್ಕೊಮ್ಮೆ, ಕಡಿಮೆ ಅಂದರೂ ಐದು ವರ್ಷ. ಮೇಡಂ ಒಂದು ಕಾರ್ಡಿನಲ್ಲಿ ಎಲ್ಲ ದಿನಾಂಕ ಬರೆದುಕೊಟ್ಟಿದ್ದರು. ಮೊದಲ ಮೆಸೇಜ್ ಬಂದಾಗ ಅವನಿಗೆ ಫೋನ್ ಮಾಡೋಕೆ ಧೈರ್ಯ ಬರಲಿಲ್ಲ. ಸೀದಾ ಅವನ ಮನೆಗೆ ಜೀಪ್ ತಗೊಂಡು ಹೋದೆ. ಅವನ ಅಮ್ಮನನ್ನು ನಾನೂ ಅಮ್ಮ ಅಂತಲೇ ಕರೆಯೋದು. ಬಾಗಿಲು ತೆಗೆದು ನನ್ನನ್ನು ನೋಡಿ ಒಂದು ಮಾತೂ ಆಡದೆ ಒಳಗೆ ಹೋದರು. ಆ ಮನೆಯಲ್ಲಿ ಕಾಫಿ ಕುಡಿಯದೆ ಬಂದದ್ದು ಅದೇ ಮೊದಲು. ಐದು ನಿಮಿಷ ಆದ ಮೇಲೆ ಅವನು ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಕೂತ.

ಕ್ಲಿನಿಕ್‌ನಲ್ಲಿ ಅವನು ಬೆಂಚಿನ ಆ ತುದಿ, ನಾನು ಈ ತುದಿ. ಮಧ್ಯೆ ಒಬ್ಬರು ಅಜ್ಜಿ ಮೊಮ್ಮಗನನ್ನು ಕೂರಿಸಿಕೊಂಡಿದ್ದರು. ಶನಿವಾರ ಬೆಳಿಗ್ಗೆ ಇಲ್ಲಿ ರಶ್ ಜಾಸ್ತಿ, ಟೈಮ್ ಕೊಟ್ಟಿದ್ದರೂ ಮುಕ್ಕಾಲು ಗಂಟೆ ಕಾಯಬೇಕು. ಬೇರೆ ದಿನ ಹೋಗೋದು ಒಳ್ಳೇದು. ಹಾಕಿ ಸೀಸನ್ ಬಂದರೆ ಇನ್ನೂ ರಶ್. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯೋ ದಿನಗಳಲ್ಲಿ ತುಟಿ ಒಡೆದುಕೊಂಡು, ಹಲ್ಲು ಚೂರಾಗಿ ಬರೋರು ಇದ್ದೇ ಇರುತ್ತಾರಂತೆ. ಹಾಗಾಗಿ ಮೇಡಂಗೆ ಆಟದ ಪೆಟ್ಟು ಚೆನ್ನಾಗಿ ಗೊತ್ತು. ಮೌತ್ ಗಾರ್ಡ್ ಅಳತೆ ತಗೊಂಡು ಮಾಡಿಕೊಡುತ್ತಾರೆ. ನಮ್ಮ ಫುಟ್‌ಬಾಲ್ ಹುಡುಗರಿಗೆ ಅದರ ಅಭ್ಯಾಸವೇ ಇಲ್ಲ, ಶಿನ್ ಗಾರ್ಡ್ ಹಾಕೋಕೇ ಸೋಮಾರಿತನ.

ಎರಡು ವಾರ ಮೆತ್ತಗಿನ ಊಟ ಮಾತ್ರ ಅಂದಿದ್ದರು. ಗಂಜಿ, ನೂಪುಟ್ಟನ್ನು (ಅಕ್ಕಿ ಶಾವಿಗೆ) ಹಾಲಲ್ಲಿ ನೆನೆಸಿ. ಒಟ್ಟಿಯನ್ನು (ಅಕ್ಕಿ ರೊಟ್ಟಿ) ಮುಂದಿನ ಹಲ್ಲಲ್ಲಿ ಕಚ್ಚಿ ಹರಿಯೋ ಹಾಗಿಲ್ಲ. ಮೆತ್ತಗಿನ ಬ್ರಷ್, ದಿನಕ್ಕೆ ಎರಡು ಸಲ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕೀಟಾಣು ಕೊಲ್ಲೋ ಔಷಧಿಯಲ್ಲಿ ಬಾಯಿ ಮುಕ್ಕಳಿಸೋದು. ಇದನ್ನೆಲ್ಲ ಅಕ್ಕ ಕನ್ನಡದಲ್ಲಿ ಬರೆದು ಕೊಟ್ಟಿದ್ದರು, ಅಮ್ಮ ಆ ಚೀಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದರು ಅಂತ ಆಮೇಲೆ ನೋಡಿದೆ.

ಮಾತು ಶುರುವಾದದ್ದು ರೂಟ್ ಕೆನಾಲ್‌ನ ಎರಡನೇ ಸಲ. ಬಾಯಿ ಮರಗಟ್ಟಿಸಿದ್ದರು. ಕೆಳಗಿಳಿದು ಅವನು ಬೇಕರಿಗೆ ಹೋಗಿ ಟೀ ಹೇಳಿದ. ನಾನು ಹಿಂದೆ ನಿಂತಿದ್ದೆ. ‘ಬಿಸಿ ಕುಡಿಬೇಡ ಅಂದಿದ್ದಾರೆ. ತುಟಿ ಸುಟ್ಟರೂ ಗೊತ್ತಾಗಲ್ಲ’ ಅಂದೆ. ಆ ಮೂರು ಕುರ್ಚಿಯ ಕ್ಷಮೆ ಬಿಟ್ಟರೆ, ಐದು ವಾರದಲ್ಲಿ ನಾನು ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಅವನು ಸುಮ್ನೆ ಗ್ಲಾಸ್ ಕೆಳಗಿಟ್ಟ. ಆರಲಿ ಅಂತ ಕಾದ. ಇಬ್ಬರೂ ಆ ಗ್ಲಾಸನ್ನೇ ನೋಡುತ್ತಾ ನಿಂತಿದ್ದೆವು. ಆರಿದ ಮೇಲೆ ಕುಡಿಯೋಕೆ ಹೋದ, ಮರಗಟ್ಟಿದ ತುಟಿಯಿಂದ ಟೀ ಸೋರಿ ಶರ್ಟಿನ ಮೇಲೆ ಬಿತ್ತು. ನಾನು ಕರ್ಚೀಫ್ ಕೊಟ್ಟೆ. ತಗೊಂಡ.

ಜೀಪ್ ಹತ್ತುವಾಗ ಮುಂದಿನ ಸೀಟಿಗೆ ಬಂದ. ಅಮ್ಮತ್ತಿ ದಾಟಿದ ಮೇಲೆ, ಮಾತು ಅರ್ಧಂಬರ್ಧ ಹೊರಡುತ್ತಿತ್ತು, ಹೇಳಿದ: ‘ಆವತ್ತು ನಾನು ನಿನ್ನ ನೋಡಿದ್ದೆ ಮಾರಾಯ. ಬೇಕಂತಲೇ ಕೊಡ್ಲಿಲ್ಲ.’ ಆ ದಿನ ದೊಡ್ಡ ಟೀಮಿನವರೊಬ್ಬರು ಆಡಿಸೋಕೆ ಒಬ್ಬ ಹುಡುಗನನ್ನು ಹುಡುಕಿಕೊಂಡು ಬಂದು ಗೆರೆ ಪಕ್ಕ ನಿಂತಿದ್ದರು. ನನಗೂ ಗೊತ್ತಿತ್ತು. ನಾನೂ ಅವರ ಕಣ್ಣಿಗೆ ಬೀಳೋಕೇ ಅಷ್ಟು ಜೋರಾಗಿ ಕೂಗಿದ್ದು. ಅದನ್ನು ಅವನಿಗೆ ಹೇಳಿದೆ. ಆಮೇಲೆ ಮನೆ ಬರೋವರೆಗೆ ಇಬ್ಬರೂ ಸುಮ್ಮನಿದ್ದೆವು, ಆದರೆ ಮೊದಲ ದಿನದ ಹಾಗೆ ಅಲ್ಲ. ಅವನು ಪಾಸ್ ಕೊಡದೇ ಇದ್ದದ್ದಕ್ಕೂ ನಾನು ಹೊಡೆದದ್ದಕ್ಕೂ ಸಮ ಹಾಕೋಕೆ ಆಗಲ್ಲ. ನಾನು ಹಾಗೆ ಹೇಳುತ್ತಲೂ ಇಲ್ಲ.

ಬೋಯರ್ 2006ರಲ್ಲಿ ವೆಸ್ಟ್ ಹ್ಯಾಮ್‌ಗೆ ಹೋದರು, 2007ರಲ್ಲಿ ಡೈಯರ್ ಕೂಡ ಅದೇ ಕ್ಲಬ್ಬಿಗೆ ಬಂದರು. ಮತ್ತೆ ಒಂದೇ ಡ್ರೆಸಿಂಗ್ ರೂಮ್. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳೋಕೆ ಬರಲ್ಲ. ಅವನಿಗೂ ತೋರಿಸಿದೆ.

ದುಡ್ಡಿನ ವಿಚಾರ. ಮೊದಲ ದಿನ ಎಕ್ಸ್‌ರೇ, ಹಲ್ಲು ಕೂರಿಸಿದ್ದು, ತಂತಿ ಎಲ್ಲ ಸೇರಿ 3,200 ರೂಪಾಯಿ. ಭಾನುವಾರ ಅಂತ ಜಾಸ್ತಿ ತಗೊಳ್ಳಲಿಲ್ಲ. ರೂಟ್ ಕೆನಾಲ್ 4,500. ಆಮೇಲೆ ನೋಡಿಸೋಕೆ ಹೋದಾಗೆಲ್ಲ ಎಕ್ಸ್‌ರೇ ದುಡ್ಡು ಮಾತ್ರ. ಕಂತಿನಲ್ಲಿ ಕೊಡಬಹುದು, ನಾನು ಹಾಗೇ ಕೊಟ್ಟೆ. ಒಂದು ಸಣ್ಣ ದೂರು ಅಂದರೆ ರೂಟ್ ಕೆನಾಲ್ ಎಷ್ಟಾಗುತ್ತದೆ ಅಂತ ಮೊದಲೇ ಹೇಳಿರಲಿಲ್ಲ, ನಾವೇ ಕೇಳಬೇಕಾಯಿತು. ಅಕ್ಕನ ಹತ್ತಿರ ಮೊದಲೇ ಕೇಳಿಕೊಳ್ಳಿ, ಬೇಜಾರು ಮಾಡಿಕೊಳ್ಳಲ್ಲ. ಅವನ ಹಲ್ಲು ಪಕ್ಕದ್ದಕ್ಕಿಂತ ಸ್ವಲ್ಪ ಹಳದಿಯಾಗಿದೆ, ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಮೇಡಂ ಯಾವತ್ತೂ ಗ್ಯಾರಂಟಿ ಅಂದಿಲ್ಲ. ‘ಹತ್ತು ವರ್ಷ ಬರಬಹುದು, ಎರಡೇ ವರ್ಷಕ್ಕೆ ಹೋಗಲೂಬಹುದು, ನೋಡ್ತಾ ಇರೋಣ’ ಅಂತ ಮೊದಲ ದಿನವೇ ಹೇಳಿದ್ದರು. ನನಗೆ ಆ ನೇರ ಮಾತು ಇಷ್ಟ ಆಯಿತು.

ಹೋದ ತಿಂಗಳು ಒಂದು ವರ್ಷದ ಎಕ್ಸ್‌ರೇ. ಬೇರು ಹಾಗೇ ಇದೆ, ಎಲ್ಲೂ ಕರಗಿಲ್ಲ. ಅಕ್ಕ ಹಳೇ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದರು. ಅವನ ಫಾರ್ಮ್ ತೆಗೆದು, ‘ಇದರಲ್ಲಿ ನಿಮ್ಮ ನಂಬರ್ ಇಲ್ವಲ್ಲ, ಇವರದ್ದು ಇದೆ. ಚೇಂಜ್ ಮಾಡ್ಲಾ?’ ಅಂತ ಕೇಳಿದರು.

‘ಬೇಡ ಅಕ್ಕ, ಅದೇ ಇರ್ಲಿ’ ಅಂದ.

ಮುಂದಿನದು ಬರೋ ಏಪ್ರಿಲ್‌ಗೆ. ಮೆಸೇಜ್ ನನಗೇ ಬರುತ್ತದೆ.